ಬೈಕಿನಲ್ಲಿ ವಿದೇಶಕ್ಕೆ ಹೊರಡುವವರ ಕಾಗದಪತ್ರ ಮತ್ತು ವಿಮೆ

(ಕೋಲಾರದಲ್ಲಿ ಬೈಕ್ ಸವಾರರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಗಡಿ ದಾಟುವುದು ಕೋಲಾರ ಜಿಲ್ಲೆಯವರಿಗೆ ದಿನನಿತ್ಯದ ವಿಷಯ. ಮುಳಬಾಗಿಲಿನಿಂದ ನಂಗಲಿ ದಾಟಿದರೆ ಆಂಧ್ರಪ್ರದೇಶ, ಮಾಲೂರಿನಿಂದ ಹೊಸೂರಿನ ಕಡೆಗೆ ತಿರುಗಿದರೆ ತಮಿಳುನಾಡು. ಬೆಳಗ್ಗೆ ಬೈಕ್ ಹತ್ತಿ ಪಲಮನೇರಿಗೆ ಹೋಗಿ, ನೆಂಟರನ್ನು ಮಾತನಾಡಿಸಿಕೊಂಡು ಮಧ್ಯಾಹ್ನದ ಊಟದ ಹೊತ್ತಿಗೆ ಮನೆ ಸೇರುವವರು ಈ ಸಭೆಯಲ್ಲೇ ಅನೇಕರಿದ್ದೀರಿ. ಆ ದಾರಿಯಲ್ಲಿ ನಿಮ್ಮ ಬೈಕಿಗೆ ಹೊಸ ಕಾಗದ ಯಾವುದೂ ಬೇಕಾಗುವುದಿಲ್ಲ. ಕೆಎ 07 ಎಂಬ ನೋಂದಣಿ ಎರಡೂ ಕಡೆ ಸಲ್ಲುತ್ತದೆ; 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಮಾಡಿಸಿದ ವಿಮೆ ಎರಡೂ ಕಡೆ ನಡೆಯುತ್ತದೆ; ನಂಗಲಿ ದಾಟಿದಿರೆಂದು ನಿಮ್ಮ ಬೈಕಿಗೆ ಯಾರೂ ಆಮದು ಸುಂಕ ಕೇಳುವುದಿಲ್ಲ. ದೇಶದ ಗಡಿಯಲ್ಲಿ ಈ ಮೂರು ಅನುಕೂಲಗಳೂ ಒಂದೇ ಹೆಜ್ಜೆಗೆ ಕೊನೆಗೊಳ್ಳುತ್ತವೆ. ನಾನು ವಿಮೆಯ ಕೆಲಸದಲ್ಲಿರುವವನು, ಕ್ಲೇಮಿನ ಅರ್ಜಿಗಳನ್ನು ಹಿಡಿದು ಬರುವ ಕುಟುಂಬಗಳನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುವವನು. ಆದ್ದರಿಂದ ರಸ್ತೆ, ಟೈರು, ಹವಾಮಾನಗಳ ವಿಷಯವನ್ನು ನಿಮಗೇ ಬಿಟ್ಟು, ಕಾಗದದ ವಿಷಯವನ್ನಷ್ಟೇ ಹೇಳುತ್ತೇನೆ.

ಮೊದಲು ಒಂದು ಸಂಗತಿಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಗಡಿಯಲ್ಲಿ ನಿಮಗೆ ಎರಡು ಕಚೇರಿಗಳು ಎದುರಾಗುತ್ತವೆ. ವಲಸೆ ಕಚೇರಿ ನಿಮ್ಮ ಪಾಸ್‌ಪೋರ್ಟು ಮತ್ತು ವೀಸಾ ನೋಡಿ ಮನುಷ್ಯನನ್ನು ಒಳಗೆ ಬಿಡುತ್ತದೆ. ಸುಂಕದ ಕಚೇರಿಯ ಕಣ್ಣಿಗೆ ನೀವು ಪ್ರವಾಸಿಯಲ್ಲ, ಸುಂಕ ಕಟ್ಟಬೇಕಾದ ಒಂದು ಸರಕನ್ನು ತಂದಿರುವವರು. ಆ ಬೈಕನ್ನು ಅಲ್ಲೇ ಮಾರಿಬಿಟ್ಟರೆ ತಮ್ಮ ದೇಶಕ್ಕೆ ಬರಬೇಕಾದ ತೆರಿಗೆ ತಪ್ಪುತ್ತದೆ ಎಂಬುದು ಅವರ ಚಿಂತೆ, ಆ ಚಿಂತೆ ನ್ಯಾಯವಾದದ್ದೇ. ಹೀಗಾಗಿ ನಿಮಗೊಂದು ಗಡುವು, ಬೈಕಿಗೆ ಇನ್ನೊಂದು ಗಡುವು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ ನೀವು ಹೆಚ್ಚೆಂದರೆ 90 ದಿನ ಇರಬಹುದು. ಆದರೆ ಐರೋಪ್ಯ ಒಕ್ಕೂಟದ ಸುಂಕದ ನಿಯಮದಂತೆ ಹೊರಗಿನವರ ಖಾಸಗಿ ವಾಹನ ಆರು ತಿಂಗಳು ಇರಬಹುದು. ಬೇರೆ ಕಡೆಗಳಲ್ಲಿ ಇದಕ್ಕೆ ತಿರುಗುಮುರುಗಾಗಿ, ಮನುಷ್ಯನಿಗೆ ಹೆಚ್ಚು ದಿನ, ವಾಹನಕ್ಕೆ ಕಡಿಮೆ ದಿನ ಇರುವುದೂ ಉಂಟು. ಪ್ರವಾಸದ ದಿನಗಳನ್ನು ಲೆಕ್ಕ ಹಾಕುವಾಗ ಈ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೆಯೋ ಅದನ್ನೇ ಕೊನೆಯ ದಿನವೆಂದು ಇಟ್ಟುಕೊಳ್ಳಿ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಟರ್ಕಿಯಂಥ ದೇಶಗಳು ನೀವು ತಂದ ವಾಹನವನ್ನು ನಿಮ್ಮ ಪಾಸ್‌ಪೋರ್ಟಿನ ದಾಖಲೆಗೇ ಜೋಡಿಸಿ ಇಡುತ್ತವೆ. ಮನೆಯಲ್ಲಿ ಅಮ್ಮನಿಗೆ ಹುಷಾರಿಲ್ಲ ಎಂಬ ಕರೆ ಬಂದು, ಬೈಕನ್ನು ಹೋಟೆಲಿನಲ್ಲಿ ನಿಲ್ಲಿಸಿ ವಿಮಾನ ಹತ್ತುತ್ತೇನೆಂದರೆ ಅಲ್ಲಿ ತಡೆಯುತ್ತಾರೆ. ಬೈಕನ್ನು ಸುಂಕದವರ ವಶಕ್ಕೆ ಒಪ್ಪಿಸಿ, ಅದಕ್ಕೆ ರಸೀದಿ ಪಡೆದು ಹೋಗಬೇಕಾಗುತ್ತದೆ. ಇದನ್ನು ತಿಳಿದವರು ಅಂಥ ದಿನದಲ್ಲಿ ವಿಮಾನ ನಿಲ್ದಾಣಕ್ಕೆ ಓಡುವ ಮೊದಲು ಸುಂಕದ ಕಚೇರಿಗೆ ಹೋಗುತ್ತಾರೆ, ಒಂದು ದಿನ ಉಳಿಯುತ್ತದೆ.

ಗಡಿಯ ತನಕ ಹೋಗುವ ಮೊದಲು ನಮ್ಮ ಮನೆಯ ಬೀರುವಿನಲ್ಲೇ ಸರಿಪಡಿಸಬೇಕಾದದ್ದು ಬಹಳ ಇದೆ. ನಮ್ಮ ಸೀಮೆಯವರ ಮೊದಲ ತೊಡಕು ಹೆಸರಿನದು. ಅಪ್ಪನ ಹೆಸರಿನ ಮೊದಲ ಅಕ್ಷರವನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವುದು ನಮ್ಮ ರೂಢಿ. ಆರ್‌ಸಿಯಲ್ಲಿ ಎಂ. ನಾಗರಾಜ್ ಎಂದಿರುತ್ತದೆ, ಡಿಎಲ್‌ನಲ್ಲಿ ನಾಗರಾಜ ಎಂ. ಎಂದಿರುತ್ತದೆ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ನಾಗರಾಜ ಮುನಿಯಪ್ಪ ಎಂದು ಬರೆದಿರುತ್ತಾರೆ. ನಮಗೆ ಮೂವರೂ ಒಬ್ಬನೇ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ನಮ್ಮ ಹೆಸರಿಡುವ ರೀತಿಯನ್ನೇ ಕಾಣದ ಒಬ್ಬ ಸುಂಕದ ಅಧಿಕಾರಿಗೆ ಅದು ಮೂರು ಜನರ ಹೆಸರು. ಬೈಕು ಒಬ್ಬನದು, ಸವಾರ ಇನ್ನೊಬ್ಬ ಎಂದು ಅವನು ಭಾವಿಸಿದರೆ ಅವನನ್ನು ದೂರುವಂತಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆ ಆರ್‌ಸಿ ಮತ್ತು ಡಿಎಲ್ ಎರಡನ್ನೂ ತಿದ್ದಿಸಿಕೊಳ್ಳಿ. ಅದಕ್ಕೆ ಸಮಯವಿಲ್ಲದಿದ್ದರೆ, ಈ ಮೂರು ಹೆಸರುಗಳೂ ಒಬ್ಬನವೇ ಎಂಬ ಪ್ರಮಾಣಪತ್ರವನ್ನು ಇಂಗ್ಲಿಷಿನಲ್ಲಿ ನೋಟರಿಯಿಂದ ಮಾಡಿಸಿ ಜೊತೆಗಿಟ್ಟುಕೊಳ್ಳಿ. ಊರಿನ ಹೆಸರಿನದೂ ಇದೇ ಕಥೆ. 2014ರ ನವೆಂಬರ್ 1ರಂದು ಸರ್ಕಾರ ಹನ್ನೆರಡು ನಗರಗಳ ಹೆಸರನ್ನು ಕನ್ನಡದ ಉಚ್ಚಾರಣೆಗೆ ತಂದಿತು. ನಮ್ಮ ಪಕ್ಕದ ತುಮಕೂರಿನವರ ಹಳೆಯ ಕಾಗದಗಳಲ್ಲಿ ಟುಮ್ಕೂರ್ ಎಂದೂ ಹೊಸದರಲ್ಲಿ ತುಮಕೂರು ಎಂದೂ ಇರುತ್ತದೆ. ವಿಳಾಸದ ಈ ವ್ಯತ್ಯಾಸ ಹೆಸರಿನ ವ್ಯತ್ಯಾಸದಷ್ಟು ಗಂಭೀರವಲ್ಲ, ಆದರೆ ಎರಡೂ ಒಟ್ಟಿಗೆ ಸೇರಿದರೆ ಅನುಮಾನ ಬಲವಾಗುತ್ತದೆ.

ಎರಡನೆಯದು ಬೈಕು ಯಾರ ಹೆಸರಿನಲ್ಲಿದೆ ಎಂಬುದು. ನಮ್ಮ ಹಳ್ಳಿಗಳಲ್ಲಿ ಬೈಕು ಅಪ್ಪನ ಹೆಸರಿನಲ್ಲಿರುತ್ತದೆ, ಓಡಿಸುವವನು ಮಗ. ಇಲ್ಲವೇ ಸ್ನೇಹಿತರಿಂದ ಸೆಕೆಂಡ್ ಹ್ಯಾಂಡ್ ಕೊಂಡು, ವರ್ಗಾವಣೆಯ ಕಾಗದಗಳಿಗೆ ಸಹಿ ಹಾಕಿಸಿ ಪೆಟ್ಟಿಗೆಯಲ್ಲಿಟ್ಟು ವರ್ಷ ಕಳೆದಿರುತ್ತದೆ. ಕೊಂಡ ಬೈಕನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ದೇಶದ ಗಡಿ ದಾಟುವ ಯೋಚನೆಯನ್ನೇ ಮಾಡಬೇಡಿ. ಸಾಲದ ಬೈಕಾದರೆ ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇರುತ್ತದೆ, ಅವರಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಅಪ್ಪನ ಬೈಕಾದರೆ ಅವರು ಬರೆದುಕೊಟ್ಟ ಅನುಮತಿ ಪತ್ರ ನೋಟರಿ ಮುದ್ರೆಯೊಂದಿಗೆ ಬೇಕು. ಆದರೆ ಅನುಮತಿ ಪತ್ರ ಗಡಿ ದಾಟಿಸುತ್ತದೆಯೇ ಹೊರತು ವಿಮೆ ಕೊಡಿಸುವುದಿಲ್ಲ. ಇದು ಬಹಳ ಜನರಿಗೆ ತಿಳಿಯದ ವಿಷಯ, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ.

ನಿಮ್ಮ ಬೈಕಿನ ಪಾಲಿಸಿ ತೆರೆದು ನೋಡಿ. ಅದರಲ್ಲಿ ಮಾಲೀಕ ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಎಂಬ ಸಾಲು ಇರಬಹುದು. ಮೊದಲು ದ್ವಿಚಕ್ರಕ್ಕೆ ಈ ಮೊತ್ತ ಒಂದು ಲಕ್ಷವಿತ್ತು, 2018ರಲ್ಲಿ ಅದನ್ನು ಏರಿಸಲಾಯಿತು. ಇದು ನೋಂದಣಿಯಾದ ಮಾಲೀಕ ತಾನೇ ಓಡಿಸುವಾಗ, ಅವನ ಬಳಿ ಚಾಲ್ತಿಯಲ್ಲಿರುವ ಡಿಎಲ್ ಇದ್ದಾಗ ಮಾತ್ರ ಸಿಗುವ ವಿಮೆ. ಉದಾಹರಣೆಗೆ ಹೀಗೆ ಇಟ್ಟುಕೊಳ್ಳಿ: ಮಾಲೂರಿನ ಒಬ್ಬ ಹುಡುಗ ಅಪ್ಪನ ಹೆಸರಿನ ಬೈಕಿನಲ್ಲಿ ನೇಪಾಳಕ್ಕೆ ಹೋಗುತ್ತಾನೆ, ಪೊಖರಾದ ದಾರಿಯಲ್ಲಿ ಬಿದ್ದು ಜೀವಕ್ಕೆ ಅಪಾಯವಾಗುತ್ತದೆ. ಅಪ್ಪ ಪಾಲಿಸಿ ಹಿಡಿದು ಬಂದರೆ ಆ 15 ಲಕ್ಷದಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ, ಏಕೆಂದರೆ ಓಡಿಸಿದವನು ಮಾಲೀಕನಲ್ಲ. ಮಗನ ಹೆಸರಿನಲ್ಲಿ ಬೇರೆಯಾಗಿ ವೈಯಕ್ತಿಕ ಅಪಘಾತ ಪಾಲಿಸಿ ಮಾಡಿಸಿದ್ದರೆ ಮಾತು ಬೇರೆ. ಅದನ್ನೂ ಮಾಡಿಸುವಾಗ ವ್ಯಾಪ್ತಿ ಭಾರತಕ್ಕೆ ಮಾತ್ರವೋ ಹೊರದೇಶಕ್ಕೂ ಉಂಟೋ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

ಈಗ ನೇಪಾಳ ಮತ್ತು ಭೂತಾನಕ್ಕೆ ಬರೋಣ. ನಮ್ಮವರ ಮೊದಲ ವಿದೇಶ ಪ್ರವಾಸ ಸಾಮಾನ್ಯವಾಗಿ ಈ ಎರಡರಲ್ಲಿ ಒಂದು. ಭಾರತೀಯರಿಗೆ ಎರಡೂ ಕಡೆ ವೀಸಾ ಬೇಕಿಲ್ಲ. ಭೂತಾನಕ್ಕೆ ಪಾಸ್‌ಪೋರ್ಟು ಇಲ್ಲವೇ ಮತದಾರರ ಗುರುತಿನ ಚೀಟಿ ನಡೆಯುತ್ತದೆ, ಆಧಾರ್ ನಡೆಯುವುದಿಲ್ಲ. ಜೈಗಾಂವಿನ ಆಚೆಯ ಫುಂಟ್‌ಶೋಲಿಂಗ್‌ನಲ್ಲಿ ನಿಮಗೆ ಪ್ರವೇಶದ ಪರವಾನಗಿ, ಬೈಕಿಗೆ ಪ್ರತ್ಯೇಕ ವಾಹನ ಪರವಾನಗಿ ಮಾಡಿಸಬೇಕು. ಭಾರತೀಯ ಪ್ರವಾಸಿಗಳಿಂದ ರಾತ್ರಿಯೊಂದಕ್ಕೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಪಡೆಯುತ್ತಾರೆ. ನೇಪಾಳದಲ್ಲಿ ಸೋನೌಲಿ, ರಕ್ಸೌಲ್, ಪಾನಿಟಂಕಿ ಮುಂತಾದ ದಾರಿಗಳಿಂದ ಒಳಹೋಗುವಾಗ ಭನ್ಸಾರ್ ಎಂದು ಕರೆಯುವ ಸುಂಕದ ಕಚೇರಿಯಲ್ಲಿ ದಿನದ ಲೆಕ್ಕದಲ್ಲಿ ಹಣ ಕಟ್ಟಿ ಚೀಟಿ ಪಡೆಯಬೇಕು. ಚೀಟಿಯಲ್ಲಿ ಬರೆದ ದಿನ ಮೀರಿದರೆ ದಂಡ ಕಟ್ಟಬೇಕಾಗುತ್ತದೆ. ಬೆಟ್ಟದ ರಸ್ತೆಯಲ್ಲಿ ಮಣ್ಣು ಕುಸಿದು ದಾರಿ ಮುಚ್ಚುವುದು ಅಲ್ಲಿ ಸಾಮಾನ್ಯ, ಆದ್ದರಿಂದ ಬೇಕಾದದ್ದಕ್ಕಿಂತ ಎರಡು ಮೂರು ದಿನ ಹೆಚ್ಚಿಗೇ ಕಟ್ಟಿ. ಆ ಹಣವನ್ನು ದುಂದು ಎಂದು ನಾನು ಎಣಿಸುವುದಿಲ್ಲ.

ಈ ಎರಡು ದೇಶಗಳಿಗೆ ಹೋಗುವವರು ಹೊರಡುವ ಮೊದಲು ತಮ್ಮ ವಿಮಾ ಕಂಪನಿಯಲ್ಲಿ ಒಂದು ಕೆಲಸ ಮಾಡಿಸಲೇಬೇಕು. ನಿಮ್ಮ ಪಾಲಿಸಿಯಲ್ಲಿ ಭೌಗೋಳಿಕ ವ್ಯಾಪ್ತಿ ಎಂಬಲ್ಲಿ ಭಾರತ ಎಂದಷ್ಟೇ ಇರುತ್ತದೆ. ಅದನ್ನು ಬಾಂಗ್ಲಾದೇಶ, ಭೂತಾನ, ನೇಪಾಳ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಈ ಆರು ದೇಶಗಳಿಗೆ ವಿಸ್ತರಿಸುವ ಅವಕಾಶ ಭಾರತದ ಮೋಟಾರು ವಿಮಾ ಟ್ಯಾರಿಫ್‌ನಲ್ಲಿ, ಅಂದರೆ ವಿಮೆಯ ದರ ಮತ್ತು ನಿಯಮಗಳ ಪಟ್ಟಿಯಲ್ಲಿ, ಇದೆ. ಪಾಲಿಸಿಗೆ ಹೀಗೆ ಸೇರಿಸುವ ಷರತ್ತಿಗೆ, ಅಂದರೆ ಆ ಎಂಡಾರ್ಸ್‌ಮೆಂಟಿಗೆ, ಐಎಂಟಿ 1 ಎಂದು ಹೆಸರು. 2002ರ ಟ್ಯಾರಿಫ್‌ನಲ್ಲಿ ಇದರ ಹೆಚ್ಚುವರಿ ಕಂತು ನಿಮ್ಮ ಬೈಕಿನ ಹಾನಿಯನ್ನೂ ಒಳಗೊಂಡ ಪೂರ್ಣ ಪ್ಯಾಕೇಜ್ ಪಾಲಿಸಿಗೆ 500 ರೂಪಾಯಿ, ನಿಮ್ಮಿಂದ ಬೇರೆಯವರಿಗಾದ ಹಾನಿಗಷ್ಟೇ ಕೊಡುವ ಥರ್ಡ್ ಪಾರ್ಟಿ ಪಾಲಿಸಿಗೆ 100 ರೂಪಾಯಿ ಎಂದು ನಿಗದಿಯಾಗಿತ್ತು. ಒಂದು ಹೊತ್ತಿನ ಪೆಟ್ರೋಲಿನಷ್ಟು ಹಣಕ್ಕೆ ಸಿಗುವ ಈ ರಕ್ಷಣೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ಕೇಳಿದಾಗ ಕೌಂಟರಿನಲ್ಲಿ ಕೂತವರು ನಿಮ್ಮ ಮುಖ ನೋಡಿದರೆ, ಐಎಂಟಿ 1 ಎಂಬ ಹೆಸರನ್ನೇ ಹೇಳಿ, ಯಾವ ದೇಶಕ್ಕೆ ಎಂಬುದನ್ನು ಹಾಳೆಯಲ್ಲಿ ಅಚ್ಚಾಗಿಸಿ ಪಡೆಯಿರಿ. ಫೋನಿನಲ್ಲಿ ಆಯಿತೆಂದು ಹೇಳಿದ ಮಾತಿಗೆ ಕ್ಲೇಮಿನ ದಿನ ಬೆಲೆಯಿಲ್ಲ. ಬೈಕನ್ನು ಹಡಗಿನಲ್ಲೋ ವಿಮಾನದಲ್ಲೋ ಸಾಗಿಸುವಾಗ ಆಗುವ ಹಾನಿ ಈ ಎಂಡಾರ್ಸ್‌ಮೆಂಟಿನೊಳಗೆ ಸೇರುವುದಿಲ್ಲ ಎಂಬುದನ್ನೂ ಗಮನಿಸಿ.

ಹೊಸ ಬೈಕಿನವರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆ. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಆದರೆ ಬೈಕಿನ ಸ್ವಂತ ಹಾನಿಯ ವಿಮೆಯನ್ನು ಸಾಮಾನ್ಯವಾಗಿ ಒಂದು ವರ್ಷಕ್ಕೆ ಕೊಟ್ಟಿರುತ್ತಾರೆ. ಪಾಲಿಸಿಯ ಮೇಲೆ ಐದು ವರ್ಷದಾಚೆಯ ದಿನಾಂಕ ನೋಡಿ ಎಲ್ಲವೂ ಜೀವಂತ ಇದೆ ಎಂದು ನಂಬಿದವರಿದ್ದಾರೆ. ಎರಡನೆಯ ವರ್ಷದಲ್ಲಿ ಬೈಕು ಜಖಂ ಆದಾಗ ಸ್ವಂತ ಹಾನಿಯ ಭಾಗ ಎಂದೋ ಮುಗಿದಿರುತ್ತದೆ. ಪಾಲಿಸಿಯಲ್ಲಿರುವ ಎರಡೂ ದಿನಾಂಕಗಳನ್ನು ಬೆರಳಿಟ್ಟು ಓದಿ.

ಈ ನೆರೆಹೊರೆಯನ್ನು ದಾಟಿ ದೂರ ಹೋಗುವವರಿಗೆ ಬೇಕಾಗುವ ಮುಖ್ಯ ಕಾಗದ ಕಾರ್ನೆ. ಪೂರ್ತಿ ಹೆಸರು ಕಾರ್ನೆ ದ ಪಸ್ಸಾಜ್ ಆಂ ದುವಾನ್. ಸವಾರರು ಸುಮ್ಮನೆ ಕಾರ್ನೆ ಎನ್ನುತ್ತಾರೆ. ಖಾಸಗಿ ವಾಹನಗಳನ್ನು ತಾತ್ಕಾಲಿಕವಾಗಿ ಒಳತರುವುದರ ಬಗ್ಗೆ 1954ರಲ್ಲಿ ನ್ಯೂಯಾರ್ಕಿನಲ್ಲಿ ಆದ ಒಪ್ಪಂದ ಇದರ ಹಿಂದಿದೆ, ಭಾರತವೂ ಅದರ ಸದಸ್ಯ. ನಮ್ಮಲ್ಲಿ ಇದನ್ನು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಕೊಡುತ್ತದೆ. ಈ ಬೈಕು ನಮ್ಮ ದೇಶಕ್ಕೆ ಹಿಂತಿರುಗುತ್ತದೆ, ತಿರುಗದಿದ್ದರೆ ಅದರ ಸುಂಕವನ್ನು ನಾವು ಕಟ್ಟುತ್ತೇವೆ ಎಂದು ಆ ಸಂಘ ಪರದೇಶದ ಸುಂಕದವರಿಗೆ ಕೊಡುವ ಜಾಮೀನೇ ಕಾರ್ನೆ. ಸಂಘ ನಿಮ್ಮ ಪರವಾಗಿ ನಿಲ್ಲಬೇಕಾದರೆ ನೀವು ಅದಕ್ಕೆ ಬ್ಯಾಂಕ್ ಗ್ಯಾರಂಟಿಯಂಥ ಭದ್ರತೆ ಕೊಡಬೇಕು. ಅದರ ಮೊತ್ತ ಬೈಕಿನ ಬೆಲೆಯನ್ನೂ ನೀವು ಹೋಗುವ ದೇಶಗಳ ಸುಂಕದ ದರವನ್ನೂ ಅವಲಂಬಿಸಿರುತ್ತದೆ. ಇರಾನಿನಂತೆ ಸುಂಕ ಹೆಚ್ಚಿರುವ ದೇಶ ನಿಮ್ಮ ದಾರಿಯಲ್ಲಿದ್ದರೆ ಭದ್ರತೆಯ ಮೊತ್ತವೂ ಏರುತ್ತದೆ. ಆದ್ದರಿಂದ ಪ್ರವಾಸಕ್ಕೆ ಹಣ ಕೂಡಿಸುವಾಗ ಖರ್ಚಾಗುವ ಹಣ ಬೇರೆ, ತಿಂಗಳುಗಟ್ಟಲೆ ಬ್ಯಾಂಕಿನಲ್ಲಿ ಕಟ್ಟಿಹಾಕಿದಂತೆ ಇರುವ ಹಣ ಬೇರೆ ಎಂದು ಎರಡು ಲೆಕ್ಕ ಇಡಬೇಕು. ಮನೆಯವರು ಜಮೀನಿನ ಪತ್ರವನ್ನೋ ಠೇವಣಿಯನ್ನೋ ಭದ್ರತೆಗೆ ಕೊಡುತ್ತಿದ್ದರೆ, ಅದು ಯಾವ ಸಂದರ್ಭದಲ್ಲಿ ಕೈಬಿಟ್ಟು ಹೋಗಬಹುದೆಂದು ಅವರಿಗೆ ಬಿಡಿಸಿ ಹೇಳಿದ ಮೇಲೆಯೇ ಸಹಿ ಹಾಕಿಸಿ.

ಕಾರ್ನೆ ಒಂದು ಪುಸ್ತಕ, ಅವಧಿ ಒಂದು ವರ್ಷ. ಒಳಗಿನ ಪ್ರತಿ ಹಾಳೆಯಲ್ಲಿ ಮೂರು ಭಾಗ. ದೇಶದೊಳಗೆ ಹೋಗುವಾಗ ಕೆಳಗಿನ ಭಾಗವನ್ನು ಸುಂಕದವರು ಹರಿದಿಟ್ಟುಕೊಳ್ಳುತ್ತಾರೆ. ಹೊರಬರುವಾಗ ನಡುವಿನ ಭಾಗವನ್ನು ಹರಿದುಕೊಳ್ಳುತ್ತಾರೆ. ಮೇಲಿನ ಭಾಗ ಪುಸ್ತಕದಲ್ಲೇ ಉಳಿಯುತ್ತದೆ, ಅದರಲ್ಲಿ ಒಳಗಿನದು ಮತ್ತು ಹೊರಗಿನದು ಎರಡೂ ಮುದ್ರೆ ಬಿದ್ದಿರಬೇಕು. ನಿಮ್ಮ ಬ್ಯಾಂಕ್ ಗ್ಯಾರಂಟಿ ನಿಂತಿರುವುದು ಈ ಎರಡನೆಯ ಮುದ್ರೆಯ ಮೇಲೆ. ರಾತ್ರಿ ಹೊತ್ತು, ಮಳೆ, ಹಿಂದೆ ಲಾರಿಗಳ ಸಾಲು, ಅಧಿಕಾರಿ ಕೈಬೀಸಿ ಹೋಗಿ ಎನ್ನುತ್ತಾನೆ. ಆಗಲೂ ಬೈಕನ್ನು ಬದಿಗೆ ನಿಲ್ಲಿಸಿ, ಒಳಗೆ ಹೋಗಿ, ವಿನಯದಿಂದ ಮುದ್ರೆ ಕೇಳಿ. ಮುದ್ರೆ ಬಿದ್ದ ಮೇಲೆ ದಿನಾಂಕ ಸರಿಯಿದೆಯೇ, ಬಿದ್ದದ್ದು ಸರಿಯಾದ ಚೌಕದಲ್ಲೇ, ಸಹಿ ಇದೆಯೇ ಎಂದು ಅಲ್ಲೇ ನೋಡಿ, ಫೋಟೊ ತೆಗೆದು ಮನೆಗೆ ಕಳಿಸಿ. ಗಡಿ ದಾಟಿ ನೂರು ಕಿಲೋಮೀಟರ್ ಹೋದ ಮೇಲೆ ನೆನಪಾದರೆ, ನಿಮ್ಮ ವೀಸಾ ಒಂದೇ ಪ್ರವೇಶದ್ದಾಗಿದ್ದು ಹಿಂತಿರುಗಲು ಆಗದಿರಬಹುದು.

ಮುದ್ರೆ ತಪ್ಪಿದರೆ ಏನಾಗುತ್ತದೆ? ತಕ್ಷಣಕ್ಕೆ ಏನೂ ಆಗುವುದಿಲ್ಲ. 1954ರ ಒಪ್ಪಂದದ ಪ್ರಕಾರ, ಕಾರ್ನೆಯ ಅವಧಿ ಮುಗಿದ ಮೇಲೆ ಒಂದು ವರ್ಷದೊಳಗೆ ಆ ದೇಶದ ಸುಂಕದವರು ವಾಹನ ಹೊರಹೋದ ದಾಖಲೆಯಿಲ್ಲವೆಂದು ಸಂಘಕ್ಕೆ ತಿಳಿಸಬಹುದು. ಅಲ್ಲಿಂದ ಮುಂದೆ ಒಂದು ವರ್ಷದೊಳಗೆ ಸಂಘ ಪುರಾವೆ ಒದಗಿಸಬೇಕು. ನೀವು ಊರಿಗೆ ಬಂದು, ಪ್ರವಾಸದ ನೆನಪೂ ಮಾಸಿದ ಹೊತ್ತಿಗೆ ಸುಂಕದ ನೋಟಿಸು ಬರಬಹುದು. ಅಂಥ ಸಂದರ್ಭಕ್ಕೆಂದೇ ಕಾರ್ನೆಯಲ್ಲಿ ವಾಹನ ಇರುವ ಸ್ಥಳವನ್ನು ದೃಢೀಕರಿಸುವ ಒಂದು ನಮೂನೆ ಇದೆ. ಬೈಕು ಈಗ ಇಂಥ ದೇಶದಲ್ಲಿದೆ ಎಂದು ಅಲ್ಲಿನ ಸುಂಕದ ಅಧಿಕಾರಿಯಿಂದಲೋ, ರಾಯಭಾರ ಕಚೇರಿಯಿಂದಲೋ, ಪೊಲೀಸರಿಂದಲೋ ಅದನ್ನು ತುಂಬಿಸಿ ಮುದ್ರೆ ಹಾಕಿಸಿಕೊಳ್ಳಬಹುದು. ಬೈಕು ಭಾರತಕ್ಕೆ ಬಂದ ಮೇಲೆಯೂ ಇದನ್ನು ಮಾಡಿಸಬಹುದು. ಒಂದು ದೇಶದ ಹೊರಮುದ್ರೆ ತಪ್ಪಿದ್ದರೂ ಮುಂದಿನ ದೇಶದ ಒಳಮುದ್ರೆ ಸ್ಪಷ್ಟವಾಗಿದ್ದರೆ ಅದೂ ಪುರಾವೆಗೆ ಸಹಾಯವಾಗುತ್ತದೆ.

ಇನ್ನೂ ಕಠಿಣವಾದದ್ದು ಬೈಕು ಕಳುವಾದಾಗ ಇಲ್ಲವೇ ಪೂರ್ತಿ ನಜ್ಜುಗುಜ್ಜಾದಾಗ. ನಮ್ಮ ಕಣ್ಣಿಗೆ ಅದು ಗುಜರಿ, ಅಲ್ಲೇ ಬಿಟ್ಟು ಬರೋಣ ಎನ್ನಿಸುತ್ತದೆ. ಸುಂಕದವರ ಪುಸ್ತಕದಲ್ಲಿ ಅದು ಇನ್ನೂ ಹೊರಹೋಗದ ಸರಕು. ಅವಶೇಷವನ್ನು ಹೊರಸಾಗಿಸಬೇಕು, ಇಲ್ಲವೇ ಸುಂಕದವರಿಗೆ ಬಿಟ್ಟುಕೊಡಬೇಕು, ಇಲ್ಲವೇ ಅವರ ಎದುರಿಗೆ ನಾಶಪಡಿಸಿ ಕಾಗದ ಪಡೆಯಬೇಕು, ಇಲ್ಲವೇ ಸುಂಕ ಕಟ್ಟಬೇಕು. ಕಳುವಾದರೆ ಪೊಲೀಸ್ ದೂರಿನ ಪ್ರತಿ ಇಲ್ಲದೆ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವುದಿಲ್ಲ. ದೂರು ಕೊಟ್ಟ ಮೇಲೂ ಕೆಲವು ಕಡೆ ಸುಂಕದ ಬೇಡಿಕೆ ಉಳಿಯಬಹುದು.

ಕಾರ್ನೆ ಕೈಗೆ ಬಂದ ದಿನ ಬೈಕನ್ನು ಅಂಗಳದಲ್ಲಿ ನಿಲ್ಲಿಸಿ, ಚಾಸಿ ನಂಬರಿನ ಹದಿನೇಳು ಅಕ್ಷರಗಳನ್ನು ಲೋಹದ ಮೇಲೆಯೇ ಓದಿ, ಇನ್ನೊಬ್ಬರಿಂದ ಕಾರ್ನೆಯಲ್ಲಿರುವುದನ್ನು ಓದಿಸಿ ತಾಳೆ ನೋಡಿ. ಎಂಜಿನ್ ನಂಬರು, ಬಣ್ಣ, ತಯಾರಾದ ವರ್ಷ ಇವನ್ನೂ ನೋಡಿ. ಆರ್‌ಸಿಯಲ್ಲಿ ಕಪ್ಪು ಎಂದಿದ್ದು ನೀವು ಕಿತ್ತಳೆ ಬಣ್ಣ ಬಳಿಸಿದ್ದರೆ ಅದನ್ನು ಆರ್‌ಟಿಒದಲ್ಲಿ ದಾಖಲಿಸಿಕೊಂಡೇ ಮುಂದುವರಿಯಿರಿ. ನರಸಾಪುರದ ಕಾರ್ಖಾನೆಯಲ್ಲಿ ದ್ವಿಚಕ್ರ ವಾಹನ ಜೋಡಿಸುವವರು ನಮ್ಮ ಜಿಲ್ಲೆಯಲ್ಲಿ ಸಾವಿರಾರು ಜನರಿದ್ದಾರೆ, ಆ ಅಂಕಿಗಳ ಮಹತ್ವ ಅವರಿಗೆ ನಾನು ಹೇಳಬೇಕಿಲ್ಲ.

ದಾರಿಯ ವಿಷಯ ಚುಟುಕಾಗಿ. ಪಶ್ಚಿಮದ ಕಡೆಗೆ ಪಾಕಿಸ್ತಾನಕ್ಕೆ ದಾಟುವ ಅಟ್ಟಾರಿಯ ಗಡಿಯನ್ನು 2025ರ ಏಪ್ರಿಲ್‌ನಲ್ಲಿ ಮುಚ್ಚಲಾಯಿತು. ಪೂರ್ವದಲ್ಲಿ ಮ್ಯಾನ್ಮಾರಿನ ದಾರಿ 2021ರ ಸೇನಾ ದಂಗೆಯ ನಂತರ ನಂಬುವಂತಿಲ್ಲ. ಆದ್ದರಿಂದ ದೂರದ ಪ್ರವಾಸಕ್ಕೆ ಬೈಕನ್ನು ಹಡಗಿನಲ್ಲಿ ಅಥವಾ ವಿಮಾನದಲ್ಲಿ ಕಳಿಸುವವರೇ ಹೆಚ್ಚು. ವಿಮಾನದ ಸರಕಿನಲ್ಲಿ ಬೈಕನ್ನು ಯುಎನ್ 3166 ಎಂಬ ಸಂಖ್ಯೆಯಡಿ ಅಪಾಯಕಾರಿ ವಸ್ತುವೆಂದು ವರ್ಗೀಕರಿಸಿರುವುದರಿಂದ ಪೆಟ್ರೋಲ್ ಮತ್ತು ಬ್ಯಾಟರಿಯ ವಿಷಯದಲ್ಲಿ ಅವರ ನಿಯಮದಂತೆ ಸಿದ್ಧಪಡಿಸಬೇಕು. ಸಾಗಣೆಗೆ ಪ್ರತ್ಯೇಕ ಸಾಗಣೆ ವಿಮೆ ಮಾಡಿಸಿ. ಹೊರಡುವಾಗ ನಮ್ಮ ಸುಂಕದವರಿಂದಲೂ ಕಾರ್ನೆಗೆ ಮುದ್ರೆ ಹಾಕಿಸಿಕೊಳ್ಳುವುದನ್ನು ಏಜೆಂಟರ ಮೇಲೆ ಬಿಡದೆ ನೀವೇ ಕಣ್ಣಾರೆ ನೋಡಿ. ಚೀನಾದಲ್ಲಿ ಸ್ವಂತ ವಾಹನ ಓಡಿಸಲು ಅಲ್ಲಿನ ತಾತ್ಕಾಲಿಕ ಲೈಸೆನ್ಸು, ತಾತ್ಕಾಲಿಕ ಫಲಕ, ಜೊತೆಗೆ ಮಾರ್ಗದರ್ಶಿ ಬೇಕು. ಥಾಯ್ಲೆಂಡಿನಲ್ಲೂ 2016ರಿಂದ ನಮ್ಮಂಥವರ ವಾಹನಕ್ಕೆ ಅಲ್ಲಿನ ನೋಂದಾಯಿತ ಪ್ರವಾಸ ಸಂಸ್ಥೆಯ ಮೂಲಕ ಮುಂಗಡ ಅನುಮತಿ ಪಡೆಯಬೇಕು.

ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು, ಅಂದರೆ ಐಡಿಪಿಯನ್ನು, ನಿಮ್ಮ ಆರ್‌ಟಿಒ ಕೊಡುತ್ತದೆ. ಅರ್ಜಿ ನಮೂನೆ 4ಎ, ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದು ಮೂಲ ಡಿಎಲ್ ಜೊತೆಗಿದ್ದಾಗ ಮಾತ್ರ ಸಲ್ಲುತ್ತದೆ. ಅದು ಕೈಗೆ ಬಂದ ಕೂಡಲೇ ಮೋಟಾರ್ ಸೈಕಲ್ಲಿನ ವರ್ಗವಾದ ಎ ಎಂಬಲ್ಲಿ ಮುದ್ರೆ ಇದೆಯೇ ನೋಡಿ. ಕಾರಿನ ವರ್ಗಕ್ಕೆ ಮಾತ್ರ ಮುದ್ರೆ ಬಿದ್ದು ಬೈಕಿನದು ಬಿಟ್ಟುಹೋಗಿದ್ದರೆ, ರಸ್ತೆಯಲ್ಲಿ ದಂಡದಷ್ಟಕ್ಕೆ ಅದು ಮುಗಿಯುವುದಿಲ್ಲ. ಪರವಾನಗಿಯಿಲ್ಲದೆ ಓಡಿಸಿದರೆಂದು ವಿಮೆಯವರು ಕ್ಲೇಮನ್ನೇ ತಿರಸ್ಕರಿಸಬಹುದು. ಹಿಂದಿನ ಮಡ್‌ಗಾರ್ಡಿನ ಮೇಲೆ ಐಎನ್‌ಡಿ ಎಂಬ ರೋಮನ್ ಅಕ್ಷರಗಳ ಅಂಡಾಕಾರದ ಗುರುತನ್ನು ಅಂಟಿಸಿಕೊಳ್ಳುವುದನ್ನೂ ಮರೆಯಬೇಡಿ, ನಿಮ್ಮ ನೋಂದಣಿ ಯಾವ ದೇಶದ್ದೆಂದು ಹೇಳುವುದು ಅದೇ.

ಈಗ ವಿಮೆಗೆ ಮತ್ತೆ ಬರುತ್ತೇನೆ. ಆ ಆರು ನೆರೆದೇಶಗಳ ಆಚೆಗೆ ನಮ್ಮ ಪಾಲಿಸಿ ಎಲ್ಲೂ ನಡೆಯುವುದಿಲ್ಲ. ಯುರೋಪಿನ ದೇಶಗಳು ತಮ್ಮೊಳಗೆ ಗ್ರೀನ್ ಕಾರ್ಡ್ ಎಂಬ ವ್ಯವಸ್ಥೆಯನ್ನು 1953ರಿಂದ ನಡೆಸಿಕೊಂಡು ಬಂದಿವೆ. ಒಂದು ದೇಶದ ವಿಮೆಯನ್ನು ಇನ್ನೊಂದು ದೇಶ ಒಪ್ಪುವ ಏರ್ಪಾಡು ಅದು. ಟರ್ಕಿ, ಇರಾನ್, ಮೊರಾಕೊ ಕೂಡ ಅದರಲ್ಲಿವೆ. ಭಾರತ ಅದರಲ್ಲಿಲ್ಲ, ಆದ್ದರಿಂದ ಭಾರತದ ಬೈಕಿಗೆ ಗಡಿಯಲ್ಲಿ ಇಲ್ಲವೇ ಮುಂಚಿತವಾಗಿ ಗಡಿ ವಿಮೆ ಕೊಳ್ಳಬೇಕಾಗುತ್ತದೆ. ಜಾರ್ಜಿಯಾ 2018ರ ಮಾರ್ಚ್ 1ರಿಂದ ಪರದೇಶದ ಎಲ್ಲ ವಾಹನಗಳಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿದೆ. ಆಫ್ರಿಕಾದ ಪೂರ್ವ ಮತ್ತು ದಕ್ಷಿಣ ಭಾಗಗಳಲ್ಲಿ ಇದೇ ಬಗೆಯ ಕೊಮೆಸಾ ಯೆಲ್ಲೊ ಕಾರ್ಡ್ ಎಂಬ ಏರ್ಪಾಡಿದೆ. ಕೆನ್ಯಾದಲ್ಲಿ ಕೊಂಡರೆ ಉಗಾಂಡ, ಟಾಂಜಾನಿಯ, ಜಾಂಬಿಯಾಗಳಿಗೂ ವಿಸ್ತರಿಸಿಕೊಳ್ಳಬಹುದು. ಆ ಕಡೆಗೆ ಹೋಗುವವರು ಪೀತಜ್ವರದ ಲಸಿಕೆಯ ಪತ್ರವನ್ನೂ ಇದೇ ಕಡತದಲ್ಲಿ ಇಟ್ಟುಕೊಳ್ಳಿ; ಪ್ರವಾಸಕ್ಕೆ ಹತ್ತು ದಿನ ಮೊದಲಾದರೂ ಲಸಿಕೆ ಆಗಿರಬೇಕು, ಅದಿಲ್ಲದೆ ಹಿಂತಿರುಗಿದರೆ ನಮ್ಮ ದೇಶದಲ್ಲೇ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ.

ಗಡಿಯಲ್ಲಿ ವಿಮೆ ಕೊಂಡಾಗ ಕೈಗೆ ಬರುವ ಹಾಳೆ ನಿಮಗೆ ತಿಳಿಯದ ಭಾಷೆಯಲ್ಲಿರಬಹುದು. ಅಂಕಿಗಳನ್ನಂತೂ ನೀವು ಓದಬಲ್ಲಿರಿ: ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಶುರುವಾಗುವ ದಿನ ಮತ್ತು ಗಂಟೆ, ಮುಗಿಯುವ ದಿನ. ಬೈಕ್ ಎಂಬುದಕ್ಕೆ ಕಾರ್ ಎಂದು ಬರೆದಿದ್ದಾರೆಯೇ ಎಂಬುದನ್ನು ಫೋನಿನ ಅನುವಾದದ ಸಹಾಯದಿಂದಲಾದರೂ ತಿಳಿಯಿರಿ. ಗ್ರೀನ್ ಕಾರ್ಡ್ ರೂಪದ್ದಾದರೆ ಅದರಲ್ಲಿ ದೇಶಗಳ ಸಂಕೇತಗಳ ಚೌಕಗಳಿರುತ್ತವೆ. ಗೀಟು ಹಾಕಿದ ದೇಶದಲ್ಲಿ ಅದು ನಡೆಯುವುದಿಲ್ಲ. ಮುಂದಿನ ವಾರ ಹೋಗುವ ದೇಶದ ಚೌಕಕ್ಕೆ ಗೀಟು ಬಿದ್ದಿದ್ದರೆ ಅಲ್ಲಿ ಬೇರೆ ಕೊಳ್ಳಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಒಂದು ದೊಡ್ಡ ಅಂತರ ಉಳಿಯುತ್ತದೆ. ಈ ಗಡಿ ವಿಮೆಗಳು ನಿಮ್ಮಿಂದ ಬೇರೆಯವರಿಗಾದ ಹಾನಿಗೆ ಕೊಡುತ್ತವೆ. ನಿಮ್ಮ ಮುರಿದ ಕಾಲಿಗೆ ಅವು ಏನೂ ಕೊಡುವುದಿಲ್ಲ, ನಿಮ್ಮ ಬೈಕಿಗೂ ಕೊಡುವುದಿಲ್ಲ. ಕಾಲಿಗೆ ಕೊಡಬೇಕಾದದ್ದು ಪ್ರವಾಸ ವಿಮೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆ ಇರುವ ಪಾಲಿಸಿ ಕಡ್ಡಾಯವಾದ್ದರಿಂದ ಎಲ್ಲರೂ ಒಂದನ್ನು ಕೊಂಡಿರುತ್ತಾರೆ, ವೀಸಾ ಬಂದಿತೆಂದು ಓದದೆ ಮಡಚಿ ಇಡುತ್ತಾರೆ. ನನ್ನ ಕೆಲಸದಲ್ಲಿ ನಾನು ಕಂಡ ಅತ್ಯಂತ ನೋವಿನ ತಿರಸ್ಕಾರಗಳು ಈ ಮಡಚಿಟ್ಟ ಹಾಳೆಯ ಹಿಂಬದಿಯಲ್ಲಿ ಹುಟ್ಟಿದವು. ಅನೇಕ ಪ್ರವಾಸ ವಿಮೆಗಳು ಅಪಾಯದ ಚಟುವಟಿಕೆಗಳನ್ನು ಹೊರಗಿಡುತ್ತವೆ, ಮೋಟಾರ್ ಸೈಕಲ್ ಓಡಿಸುವುದನ್ನೂ ಕೆಲವು ಅದರಲ್ಲಿ ಸೇರಿಸುತ್ತವೆ. ಕೆಲವು 125 ಸಿಸಿಯವರೆಗಿನ ಬೈಕಿಗೆ ಮಾತ್ರ ಒಪ್ಪುತ್ತವೆ. ಹೆಲ್ಮೆಟ್ ಇಲ್ಲದಿದ್ದರೆ, ಸರಿಯಾದ ಪರವಾನಗಿ ಇಲ್ಲದಿದ್ದರೆ, ಮದ್ಯ ಸೇವಿಸಿದ್ದರೆ ಕೊಡುವುದಿಲ್ಲ. ನಿಮ್ಮದು 350 ಅಥವಾ 411 ಸಿಸಿ ಬೈಕು. ಕೊಳ್ಳುವ ಮೊದಲು ಹೀಗೆ ಬರೆದು ಕಳಿಸಿ: ನಾನು ಇಷ್ಟು ಸಿಸಿಯ ನನ್ನ ಸ್ವಂತ ಬೈಕನ್ನು ಈ ದೇಶಗಳಲ್ಲಿ ಸಾರ್ವಜನಿಕ ರಸ್ತೆಯಲ್ಲಿ ಓಡಿಸುತ್ತೇನೆ, ಅದರಿಂದಾಗುವ ಗಾಯದ ಚಿಕಿತ್ಸೆ ಈ ಪಾಲಿಸಿಯಲ್ಲಿ ಸೇರಿದೆಯೇ? ಉತ್ತರ ಬರುವ ತನಕ ಹಣ ಕಟ್ಟಬೇಡಿ. ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಸಾಗಿಸುವ ಖರ್ಚು, ಊರಿಗೆ ಕರೆತರುವ ಖರ್ಚು, ಸಾವು ಸಂಭವಿಸಿದರೆ ದೇಹವನ್ನು ತರುವ ಖರ್ಚು ಸೇರಿವೆಯೇ ಎಂಬುದನ್ನೂ ಕೇಳಿ. ಈ ಕೊನೆಯದನ್ನು ಹೊರಡುವ ಸಂಭ್ರಮದಲ್ಲಿ ಬಾಯಿಗೆ ತರಲು ಯಾರಿಗೂ ಇಷ್ಟವಿಲ್ಲ, ನನಗೂ ಇಲ್ಲ. ಆದರೆ ಅದನ್ನು ಕೇಳದಿದ್ದರೆ ಆ ಭಾರ ಬೀಳುವುದು ಮನೆಯಲ್ಲಿ ಉಳಿದವರ ಮೇಲೆ. ಕಷ್ಟದಲ್ಲಿ ಸಿಲುಕಿದವರಿಗೆ ನೆರವಾಗಲು ನಮ್ಮ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ; ಅದು ನಿಜವಾದ ನಿರ್ಗತಿಕ ಸ್ಥಿತಿಗೆ ಮೀಸಲು, ವಿಮೆಗೆ ಬದಲಾಗಿ ಅದನ್ನು ನೆಚ್ಚಿಕೊಳ್ಳುವುದು ತರವಲ್ಲ.

ಅಪಘಾತವಾದರೆ ಪೊಲೀಸ್ ವರದಿಯ ಪ್ರತಿ ಪಡೆಯದೆ ಆ ಊರು ಬಿಡಬೇಡಿ. ಓದಲಾಗದ ಕಾಗದಕ್ಕೆ ಸಹಿ ಹಾಕುವ ಮೊದಲು ಭಾಷೆ ಬಲ್ಲ ಯಾರನ್ನಾದರೂ ಕರೆಸಿ. ವಿಮೆಯ ಸಹಾಯವಾಣಿಗೆ ಆಸ್ಪತ್ರೆ ಸೇರುವ ಮೊದಲೇ, ಆಗದಿದ್ದರೆ ಸೇರಿದ ಕೂಡಲೇ ಜೊತೆಯವರಿಂದ ಕರೆ ಮಾಡಿಸಿ. ಪಾಲಿಸಿಯ ಸಂಖ್ಯೆ ನಿಮ್ಮ ಫೋನಿನೊಳಗೆ ಬೀಗ ಹಾಕಿಕೊಂಡು ಕೂತಿದ್ದರೆ ಅವರಿಗೆ ಉಪಯೋಗವಿಲ್ಲ, ಜಾಕೆಟಿನ ಒಳಜೇಬಿನಲ್ಲಿ ಒಂದು ಹಾಳೆ ಇರಲಿ.

ಹಿಂತಿರುಗಿ ಬಂದ ಮೇಲೆ ಉಳಿಯುವ ಕೆಲಸ ಒಂದೇ. ಬಂದರಿನಲ್ಲೋ ವಿಮಾನ ನಿಲ್ದಾಣದಲ್ಲೋ ನಮ್ಮ ಸುಂಕದವರಿಂದ ಕಾರ್ನೆಗೆ ಮರುಪ್ರವೇಶದ ಮುದ್ರೆ ಹಾಕಿಸಿ, ಪ್ರತಿಯೊಂದು ಹಾಳೆಯ ಫೋಟೊ ತೆಗೆದಿಟ್ಟುಕೊಂಡು, ಮೂಲ ಪುಸ್ತಕವನ್ನು ಅವಧಿ ಮುಗಿಯುವ ಮೊದಲೇ ಮುಂಬೈಯ ಸಂಘಕ್ಕೆ ಹಿಂತಿರುಗಿಸಿ ರಸೀದಿ ಪಡೆಯಿರಿ. ಅವರು ಎಲ್ಲ ಮುದ್ರೆಗಳನ್ನು ಪರಿಶೀಲಿಸಿ ಭದ್ರತೆಯನ್ನು ಬಿಡುಗಡೆ ಮಾಡುತ್ತಾರೆ. ಆ ಪತ್ರವನ್ನು ಬ್ಯಾಂಕಿಗೆ ಕೊಟ್ಟು ಗ್ಯಾರಂಟಿ ರದ್ದಾಯಿತೆಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಫೋಟೊಗಳನ್ನು ಮಾತ್ರ ಕಾರ್ನೆಯ ಅವಧಿ ಮುಗಿದ ದಿನದಿಂದ ಎರಡು ವರ್ಷ ಅಳಿಸಬೇಡಿ.